ಬೀಜದ ಚೀಟಿಯ ಮೇಲಿನ ‘ಸಟೈವಾ’ ಎಂಬ ಶಬ್ದ

ನಮ್ಮ ನೆರೆಹೊಲದ ಒಕ್ಕಲಿಗರೊಬ್ಬರು ಹಿಂಗಾರಿ ಬಿತ್ತಿಗೆಗೆ ಮುಂಚೆ ಒಂದು ಬಟ್ಟೆಯ ಗಂಟನ್ನು ತೆಗೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಗಂಟಿನಲ್ಲಿ ನಾಲ್ಕು ಸೇರಿನಷ್ಟು ಕಾಳು ಇತ್ತು. ಬೂದು ಬಣ್ಣ, ಅಲ್ಲಲ್ಲಿ ಚುಕ್ಕೆ; ಆಕಾರವು ದುಂಡಗಿರದೆ, ಬಡಗಿಯು ಕೊಡಲಿಯ ಕಾವಿಗೆ ಹೊಡೆಯುವ ಬೆಣೆಯಂತೆ ಮೂಲೆಮೂಲೆಯಾಗಿತ್ತು. ವಿದರ್ಭದ ಕಡೆಗೆ ದುಡಿಯಲು ಹೋಗಿದ್ದ ಅವರ ಸಂಬಂಧಿಕರು ಅದನ್ನು ತಂದು ಕೊಟ್ಟು, “ಇದಕ್ಕೆ ಮಳೆ ಬೇಡ, ಗೊಬ್ಬರ ಬೇಡ, ಚೆಲ್ಲಿದರೆ ಸಾಕು, ಬೆಳೆಯುತ್ತದೆ” ಎಂದು ಹೇಳಿದ್ದರಂತೆ. ಮರಾಠಿಯಲ್ಲಿ ಅದಕ್ಕೆ ‘ಲಾಖ’ ಎಂದು ಹೆಸರು. ಕನ್ನಡದಲ್ಲಿ ಏನೆನ್ನುತ್ತಾರೆ, ನಮ್ಮ ಜತ್ತ ತಾಲೂಕಿನ ಎರೆಹೊಲಕ್ಕೆ ಆದೀತೇ, ಎಂಬುದು ಅವರ ಪ್ರಶ್ನೆ.

ನಾವು ಉತ್ತರ ಕೊಡುವ ಮೊದಲೇ ಅವರ ಮಗನು, ಒಂಬತ್ತನೆಯ ಇಯತ್ತೆಯ ಹುಡುಗ, ಮೊಬೈಲಿನಲ್ಲಿ ಹುಡುಕಿ ಹೇಳಿಬಿಟ್ಟನು: “ಗುರುಗಳೇ, ಇದು ಕೇಸರಿ ಬೇಳೆಯ ಕಾಳು. ಶಾಸ್ತ್ರೀಯ ಹೆಸರು ಲ್ಯಾಥೈರಸ್ ಸಟೈವಸ್. ತಿನ್ನುವ ಕೇಸರಿಯೂ ಸಟೈವಸ್, ಭತ್ತವೂ ಸಟೈವಾ, ಬೆಳ್ಳುಳ್ಳಿಯೂ ಸಟೈವಮ್. ಸಟೈವಾ ಅಂದರೆ ತಿನ್ನಲು ಯೋಗ್ಯವಾದದ್ದು ಎಂದು ತಾವೇ ಹೇಳಿದ್ದಿರಿ. ಅಂದ ಮೇಲೆ ಇದೂ ಒಳ್ಳೆಯದೇ.”

ಹುಡುಗನ ತರ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ನಾವು ಕಲಿಸಿದ ಪಾಠದಲ್ಲಿ. ಹಿಂದಿನ ವರ್ಷ ವರ್ಗದಲ್ಲಿ ಭತ್ತದ ಹೆಸರು ಬಂದಾಗ, ಹೆಚ್ಚಿಗೆ ವಿಚಾರಿಸದೆ, ‘ಸಟೈವಾ ಎಂದರೆ ಉಣ್ಣತಕ್ಕದ್ದು’ ಎಂದು ನಾವೇ ಹೇಳಿ ಮುಂದೆ ಹೋಗಿದ್ದೆವು. ಆ ಒಂದು ಸಡಿಲು ಮಾತು ಒಂದು ಮನೆಯ ಅಡಿಗೆಮನೆಯ ತನಕ ಹೋಗುವದರಲ್ಲಿತ್ತು. ಆದ ಕಾರಣ ಈ ವಾರ ಈ ಒಂದೇ ಶಬ್ದವನ್ನು ಹಿಡಿದು ನಮ್ಮ ಒಕ್ಕಲುತನದ ಪುಟದ ವಾಚಕರೊಡನೆ ಸ್ವಲ್ಪ ಮಾತನಾಡಬೇಕೆಂದು ಎಣಿಸಿದ್ದೇವೆ.

ಶಬ್ದವು ಲ್ಯಾಟಿನ್ ಭಾಷೆಯದು, ಹಿಂದಿನ ರೋಮನರ ಭಾಷೆ. ಅವರಲ್ಲಿ ‘ಸೆರೆರೆ’ ಎಂಬ ಕ್ರಿಯಾಪದಕ್ಕೆ ಬಿತ್ತು, ನೆಡು ಎಂಬ ಅರ್ಥವಿದೆ. ಅದರಿಂದ ‘ಸತುಸ್’, ಅಂದರೆ ಬಿತ್ತಿದ್ದು. ಅದರಿಂದ ‘ಸತೀವುಸ್’, ಅಂದರೆ ಬಿತ್ತನೆಯ, ಬಿತ್ತಿ ಬೆಳೆಯುವಂಥ. ಇದನ್ನೇ ಇಂಗ್ಲಿಷರ ಉಚ್ಚಾರದ ಮೇಲಿಂದ ನಾವು ಸಟೈವಸ್ ಎನ್ನುತ್ತೇವೆ. ಅಷ್ಟೇ ಅದರ ಅರ್ಥ. ರುಚಿ, ಗುಣ, ಪುಷ್ಟಿ, ಶುದ್ಧಿ ಇವುಗಳ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ತಾನಾಗಿ ಹುಟ್ಟಿದ್ದಲ್ಲ, ಮನುಷ್ಯನು ಕೈಯಾರೆ ಮಣ್ಣಿಗೆ ಹಾಕಿದ್ದು, ಎಂದು ಮಾತ್ರ ಅದು ಹೇಳುವದು. ಮೊದಲನೆಯ ಶತಮಾನದಲ್ಲಿದ್ದ ಪ್ಲಿನಿ ಎಂಬ ರೋಮನ್ ಗ್ರಂಥಕಾರನು ಗಿಡಗಳ ವಿಷಯ ಬರೆಯುವಾಗ ಕಾಡಿನ ಜಾತಿ ಒಂದು, ಬಿತ್ತಿದ ಜಾತಿ ಒಂದು ಎಂದು ಬೇರ್ಪಡಿಸಲು ಇದೇ ಶಬ್ದವನ್ನು ಬಳಸಿದ್ದಾನೆ.

ಈ ಶಬ್ದದ ಬಳಗದವರು ನಮಗೆ ಅಪರಿಚಿತರೇನಲ್ಲ. ಕಾರಖಾನೆಯವರು ಕಬ್ಬಿನ ‘ಸೀಜನ್’ ಸುರುವಾಯಿತು ಎನ್ನುತ್ತಾರಲ್ಲ, ಆ ಸೀಜನ್ ಎಂಬುದು ಲ್ಯಾಟಿನ್ನಿನ ‘ಬಿತ್ತಿಗೆ’ ಎಂಬ ಶಬ್ದವು ಫ್ರೆಂಚರ ಬಾಯಿಂದ ಇಂಗ್ಲಿಷಿಗೆ ಇಳಿದು ಬಂದ ರೂಪ. ಪೇಟೆಯಲ್ಲಿ ದೊಡ್ಡವರು ಕುರ್ಚಿ ಹಾಕಿಕೊಂಡು ನಡೆಸುವ ‘ಸೆಮಿನಾರ್’ ಕೂಡ ಇದೇ ಬೇರಿನದು; ಮೂಲದಲ್ಲಿ ಅದರ ಅರ್ಥ ಸಸಿಮಡಿ! ಎಷ್ಟು ಸಸಿ ಏಳುತ್ತವೆಂಬುದು ಬೇರೆ ಮಾತು.

ಇನ್ನು ಸಟೈವಸ್, ಸಟೈವಾ, ಸಟೈವಮ್ ಎಂದು ಮೂರು ಬಗೆಯಾಗಿ ಏಕೆ ಬರೆಯುತ್ತಾರೆ? ಇದು ಮೂರು ಜಾತಿಯ ಬೀಜವೆಂದು ತಿಳಿದವರನ್ನು ನಾವು ಕಂಡಿದ್ದೇವೆ. ಹಾಗಲ್ಲ. ಕನ್ನಡದಲ್ಲಿ ‘ಒಳ್ಳೆಯ’ ಎಂಬ ವಿಶೇಷಣವು ಎಲ್ಲಿಯೂ ಬದಲಾಗದು: ಒಳ್ಳೆಯ ಎತ್ತು, ಒಳ್ಳೆಯ ಎಮ್ಮೆ, ಒಳ್ಳೆಯ ಕರು. ಆದರೆ ಗಡಿಯಲ್ಲಿದ್ದ ನಮಗೆ ಮರಾಠಿಯೂ ದಿನಬಳಕೆಯ ಮಾತೇ. ಅಲ್ಲಿ ಚಾಂಗಲಾ ಬೈಲ, ಚಾಂಗಲೀ ಮ್ಹೈಸ, ಚಾಂಗಲೇ ವಾಸರೂ ಎನ್ನಬೇಕು. ನಾಮದ ಲಿಂಗವನ್ನು ನೋಡಿ ವಿಶೇಷಣವು ಬಾಲ ಬದಲಿಸುತ್ತದೆ. ಲ್ಯಾಟಿನ್ನಿನಲ್ಲಿಯೂ ಹಾಗೆಯೇ. ಮೂಲಂಗಿಯ ಕುಲದ ಹೆಸರು ರಫಾನಸ್, ಅದು ಪುಲ್ಲಿಂಗ. ಆದ್ದರಿಂದ ರಫಾನಸ್ ಸಟೈವಸ್. ಭತ್ತದ ಕುಲ ಒರೈಜಾ, ಸ್ತ್ರೀಲಿಂಗ, ಒರೈಜಾ ಸಟೈವಾ. ಬೆಳ್ಳುಳ್ಳಿಯ ಕುಲ ಆಲಿಯಮ್, ನಪುಂಸಕ, ಆಲಿಯಮ್ ಸಟೈವಮ್. ಕೊತ್ತಂಬರಿಯೂ ಹೀಗೆಯೇ, ಕೊರಿಯಾಂಡ್ರಮ್ ಸಟೈವಮ್. ಸವತಿಯು ಕುಕುಮಿಸ್ ಸಟೈವಸ್. ಮರಾಠಿ ಬಲ್ಲ ಮಗುವಿಗೆ ಇದನ್ನು ಕಲಿಸಲು ಐದು ನಿಮಿಷ ಸಾಕು. ನಾವು ತರಬೇತಿ ಶಾಲೆಯಲ್ಲಿದ್ದಾಗ ಹೀಗೆಂದು ಯಾರೂ ಹೇಳದ್ದರಿಂದ ಬಾಯಿಪಾಠ ಮಾಡಿ ಸಾಕಾಗಿದ್ದೆವು.

ಗಿಡಗಳಿಗೆ ಹೀಗೆ ಎರಡೆರಡು ಶಬ್ದದ ಹೆಸರು ಗಟ್ಟಿಯಾಗಿ ನಿಂತದ್ದು 1753ರಿಂದ. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು ಆ ವರ್ಷ ಪ್ರಕಟಿಸಿದ ಗ್ರಂಥದಲ್ಲಿ ಆಗ ಗೊತ್ತಿದ್ದ ಗಿಡಗಳಿಗೆಲ್ಲ ಕುಲದ ಹೆಸರೊಂದು, ಅದರ ಹಿಂದೆ ಗುರುತಿನ ಶಬ್ದವೊಂದು ಎಂದು ಜೋಡಿಸಿದನು. ಅದಕ್ಕೆ ಮೊದಲು ಒಂದು ಗಿಡದ ಹೆಸರೆಂದರೆ ಒಂದು ಸಾಲಿನಷ್ಟು ಉದ್ದವಾದ ವರ್ಣನೆ ಇರುತ್ತಿತ್ತು. ಸಟೈವಾ ಎಂಬ ಶಬ್ದವನ್ನು ಅವನು ಕೈ ಬಿಚ್ಚಿ ಹಂಚಿದ್ದಾನೆ. ಮೇಲೆ ಹೇಳಿದವುಗಳಲ್ಲದೆ ಬಟಾಣಿಗೆ, ಕರಿಜೀರಿಗೆಗೆ, ಓಟ್ ಧಾನ್ಯಕ್ಕೆ, ಕುದುರೆಮಸಾಲೆ ಎಂಬ ಮೇವಿಗೆ, ಗಾಂಜಾ ಗಿಡಕ್ಕೆ ಸಹ ಅದೇ ಶಬ್ದ. ಗಾಂಜಾಕ್ಕೆ ಏಕೆಂದರೆ ನಾರಿಗಾಗಿ ಯುರೋಪಿನಲ್ಲಿ ಅದನ್ನು ಬಿತ್ತುತ್ತಿದ್ದರು. ಈ ಒಂದು ಉದಾಹರಣೆಯೇ ‘ಉಣ್ಣತಕ್ಕದ್ದು’ ಎಂಬ ನಮ್ಮ ಅರ್ಥವನ್ನು ತಳ್ಳಿಹಾಕಲು ಸಾಕಾಗಿತ್ತು. ನಮಗೆ ಆಗ ಹೊಳೆಯಲಿಲ್ಲ.

ಕುದುರೆಮಸಾಲೆಗೆ ಮರಾಠಿಯಲ್ಲಿ ‘ಲಸೂಣ ಘಾಸ’ ಎನ್ನುವರು. ಲಸೂಣವೆಂದರೆ ಬೆಳ್ಳುಳ್ಳಿ. ಬೆಳ್ಳುಳ್ಳಿಯೂ ಸಟೈವಮ್, ಲಸೂಣ ಘಾಸವೂ ಸಟೈವಾ. ಆದರೂ ಇವೆರಡಕ್ಕೆ ನಂಟಿಲ್ಲ; ಒಂದು ಗಡ್ಡೆಯದು, ಇನ್ನೊಂದು ಮೆಂತೆಯ ಹತ್ತಿರದ ಬಂಧು. ಇದರಿಂದ ಒಂದು ಮಾತು ತಿಳಿಯಬೇಕು. ಎರಡು ಶಬ್ದಗಳ ಹೆಸರಿನಲ್ಲಿ ಮೊದಲನೆಯದು ಮನೆತನದ ಹೆಸರು, ಎರಡನೆಯದು ಆ ಮನೆಯೊಳಗೆ ಯಾರು ಎಂದು ತೋರಿಸುವ ಗುರುತು. ಬರಿಯ ಗುರುತನ್ನು ಹಿಡಿದರೆ, ‘ದೊಡ್ಡವನನ್ನು ಕರೆಯಿರಿ’ ಎಂದು ಸಂತೆಯಲ್ಲಿ ಕೂಗಿದಂತೆ; ಮನೆಗೊಬ್ಬ ದೊಡ್ಡವನು ಇರುತ್ತಾನೆ.

ಸಟೈವಾ ಎಂಬ ಗುರುತು ಇಲ್ಲದ ಬೆಳೆಗಳು ಬಿತ್ತುವಂಥವಲ್ಲವೆಂದೂ ತಿಳಿಯಬಾರದು. ನಮ್ಮ ಬಿಳಿಜೋಳವು ಸೋರ್ಗಮ್ ಬೈಕಲರ್, ಎರಡು ಬಣ್ಣದ್ದು. ಕಡಲೆಯು ಸೈಸರ್ ಏರಿಯೆಟಿನಮ್; ಟಗರಿನ ತಲೆಯಂಥದು ಎಂದು ಅರ್ಥ. ಒಂದು ಕಡಲೆಕಾಳನ್ನು ಮೂತಿ ಮುಂದೆ ಮಾಡಿ ಹಿಡಿದು ನೋಡಿದರೆ ಹೆಸರಿಟ್ಟವನ ಕಣ್ಣು ಎಷ್ಟು ಚುರುಕೆಂದು ಗೊತ್ತಾಗುವದು. ಕುಸುಬಿಯ ಗುರುತು ಟಿಂಕ್ಟೋರಿಯಸ್, ಬಣ್ಣಗಾರರದು. ಅದರ ಹೂವಿನಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ದ್ರಾಕ್ಷಿಯದು ವಿನಿಫೆರಾ, ಮದ್ಯವನ್ನು ಕೊಡುವಂಥದು. ನಮ್ಮ ಭಾಗದವರು ಅದರಿಂದ ಮಣೂಕವನ್ನೇ ಹೆಚ್ಚಾಗಿ ಮಾಡುವರೆಂಬುದು ಲಿನೇಯಸ್‌ನಿಗೆ ಹೇಗೆ ಗೊತ್ತಿರಬೇಕು!

ಸಟೈವಾದ ಎದುರಾಳಿ ಶಬ್ದಗಳನ್ನೂ ತಿಳಿದರೆ ಅರ್ಥವು ಇನ್ನೂ ಸ್ಪಷ್ಟವಾಗುವದು. ಸಿಲ್ವೆಸ್ಟ್ರಿಸ್ ಎಂದರೆ ಅಡವಿಯದು; ನಮ್ಮ ಹಳ್ಳದ ದಂಡೆಯ ಈಚಲು ಗಿಡವು ಫೀನಿಕ್ಸ್ ಸಿಲ್ವೆಸ್ಟ್ರಿಸ್, ಖರ್ಜೂರದ ಅಡವಿ ತಮ್ಮ. ಅರ್ವೆನ್ಸಿಸ್ ಎಂದರೆ ಉತ್ತ ಹೊಲದ್ದು. ಇದು ಮೋಸದ ಶಬ್ದ. ಹೊಲದ್ದು ಎಂದ ಕೂಡಲೆ ಬೆಳೆ ಎಂದು ತಿಳಿಯಬಾರದು; ಬಿತ್ತದೆ ಹೊಲಕ್ಕೆ ಬಂದು ಕೂಡುವ ಕಳೆಗಳಿಗೇ ಹೆಚ್ಚಾಗಿ ಈ ಹೆಸರು. ತುತ್ತೂರಿಯಂಥ ಬಿಳಿ-ನಸುಗೆಂಪು ಹೂ ಬಿಟ್ಟು, ಕಿತ್ತಷ್ಟೂ ಆಳದ ಬೇರಿನಿಂದ ಮತ್ತೆ ಏಳುವ ಬಳ್ಳಿಯೊಂದುಂಟು, ಕನ್ವಾಲ್ವುಲಸ್ ಅರ್ವೆನ್ಸಿಸ್. ಸ್ಪಾಂಟೇನಿಯಮ್ ಎಂದರೆ ತನ್ನಿಂದ ತಾನೇ ಹುಟ್ಟಿದ್ದು. ಕಬ್ಬಿನ ಕುಲದ ಕಾಶವೆಂಬ ಹುಲ್ಲಿಗೆ ಆ ಹೆಸರು. ಅದನ್ನು ಕಳೆಯೆಂದು ಹಳಿಯುವವರು ಒಂದು ಸಂಗತಿಯನ್ನು ಲಕ್ಷಿಸಬೇಕು: ಕೊಯಿಮತ್ತೂರಿನಲ್ಲಿ 1912ರಲ್ಲಿ ಕಬ್ಬಿನ ತಳಿ ಸಂಶೋಧನೆ ಆರಂಭವಾದಾಗ ಬಾರ್ಬರ್ ಮತ್ತು ವೆಂಕಟರಾಮನ್ ಎಂಬವರು ಮೆತ್ತನೆಯ ಸಿಹಿ ಕಬ್ಬಿಗೂ ಈ ಹುಲ್ಲಿಗೂ ಕೂಡಿಸಿ ‘ಕೋ 205’ ಎಂಬ ತಳಿಯನ್ನು ತೆಗೆದರು. ಅಲ್ಲಿಂದ ಮುಂದಿನ ‘ಕೋ’ ಕಬ್ಬುಗಳಲ್ಲಿ ಈ ಬಿತ್ತದ ಹುಲ್ಲಿನ ರಕ್ತವು ಹರಿಯುತ್ತಿದೆ.

ಭತ್ತದಲ್ಲಿಯೂ ಅಂಥದೇ ಕಥೆ. ಋಷ್ಯಾಶ್ರಮಗಳಲ್ಲಿ ‘ನೀವಾರ’ ಎಂಬ ತಾನಾಗಿ ಬೆಳೆಯುವ ಅಕ್ಕಿಯನ್ನು ಉಣ್ಣುತ್ತಿದ್ದರೆಂದು ಕೇಳಿದ್ದೇವೆ. ಕಾಳಿದಾಸನ ಶಾಕುಂತಲ ನಾಟಕದಲ್ಲಿ ಅದರ ಹೆಸರು ಬರುವದು. ಭಾರತೀಯ ಶಾಸ್ತ್ರಜ್ಞರು ಆ ಶಬ್ದವನ್ನೇ ತೆಗೆದುಕೊಂಡು 1965ರಲ್ಲಿ ಒಂದು ಕಾಡು ಭತ್ತಕ್ಕೆ ಒರೈಜಾ ನಿವಾರಾ ಎಂದು ಹೆಸರಿಟ್ಟರು. ಭತ್ತದ ಗಿಡವನ್ನು ಗಿಡ್ಡಾಗಿಸಿ ಹುಲ್ಲಿನ ಕಂಟಿಯಂತೆ ಮಾಡುವ ನಂಜುರೋಗವೊಂದು ಏಷ್ಯದಲ್ಲಿ ಹಬ್ಬಿದಾಗ, ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯವರು ಸಾವಿರಾರು ಮಾದರಿಗಳನ್ನು ಪರೀಕ್ಷಿಸಿ ನೋಡಿದರು. ಕೊನೆಗೆ ತಡೆಯುವ ಶಕ್ತಿ ಸಿಕ್ಕಿದ್ದು ಉತ್ತರಪ್ರದೇಶದಿಂದ ಬಂದ ಒಂದು ನೀವಾರದ ಮಾದರಿಯಲ್ಲಿ. ಐಆರ್ 36 ಎಂಬ ಹೆಸರಾಂತ ತಳಿಯಲ್ಲಿ ಅದರ ಅಂಶವಿದೆ.

ಈಗ ಆ ಗಂಟಿನ ಕಾಳಿಗೆ ಬರೋಣ.

ಕೇಸರಿ ಮತ್ತು ಕೇಸರಿ ಬೇಳೆ, ಇವೆರಡಕ್ಕೂ ಲ್ಯಾಟಿನ್ನಿನಲ್ಲಿ ಸಟೈವಸ್ ಎಂದೇ ಬಂದದ್ದು ದೊಡ್ಡ ಗೊಂದಲ. ಕಾಶ್ಮೀರದ ಪಾಂಪೋರದಲ್ಲಿ ಬೆಳೆಯುವ ಕೇಸರಿಯು ಕ್ರೋಕಸ್ ಸಟೈವಸ್. ವಿಚಿತ್ರವೆಂದರೆ ಈ ‘ಬಿತ್ತಿದ’ ಗಿಡಕ್ಕೆ ಬೀಜವೇ ಕಟ್ಟುವದಿಲ್ಲ. ಗಡ್ಡೆಯಿಂದಲೇ ಅದರ ವಂಶ. ಬಿತ್ತು ಎಂಬಲ್ಲಿ ನೆಡು ಎಂಬ ಅರ್ಥವೂ ಕೂಡಿದೆ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಕೇಸರಿ ಬೇಳೆಯಾದರೋ ಬೇರೆಯೇ ಮನೆತನದ್ದು, ಬಟಾಣಿಯ ಬಳಗದ್ದು. ಹಿಂದಿಯ ‘ಖೇಸಾರಿ’ಯು ನಮ್ಮ ಬಾಯಲ್ಲಿ ಕೇಸರಿಯಾಯಿತು. ಹೂವಿನ ಕೇಸರಿಗೂ ಈ ಗಿಡಕ್ಕೂ ಏನೂ ಸಂಬಂಧವಿಲ್ಲ.

ಈ ಕಾಳನ್ನು ಸಾವಿರಾರು ವರ್ಷಗಳಿಂದ ಬಿತ್ತುತ್ತ ಬಂದಿದ್ದಾರೆ. ಆ ಮಟ್ಟಿಗೆ ಸಟೈವಸ್ ಎಂಬ ಹೆಸರು ನಿಜ. ವಿದರ್ಭದ ಪೂರ್ವಭಾಗ, ಛತ್ತೀಸಗಡ, ಮಧ್ಯಪ್ರದೇಶ, ಬಿಹಾರ, ಬಂಗಾಲಗಳಲ್ಲಿ ಭತ್ತವು ಇನ್ನೂ ನಿಂತಿರುವಾಗಲೇ ಕೆಸರಿನಲ್ಲಿ ಇದನ್ನು ಚೆಲ್ಲಿಬಿಡುವರು. ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲಿಯೇ ಅದು ಬೆಳೆಯುವದು. ನೀರು ನಿಂತರೂ ಸಾಯದು, ನೀರಿಲ್ಲದಿದ್ದರೂ ಸಾಯದು. ಬರದ ವರ್ಷ ಉಳಿದೆಲ್ಲ ಬೆಳೆ ಒಣಗಿದಾಗ ಇದೊಂದು ಹಸಿರಾಗಿ ನಿಂತಿರುವದು. ಅನರ್ಥವೂ ಅಲ್ಲಿಯೇ. ಬೇರೆ ಕಾಳು ಇಲ್ಲದಾಗ ಬಡವರು ಮೂರು ಹೊತ್ತೂ ಇದನ್ನೇ ಉಣ್ಣತೊಡಗುತ್ತಾರೆ. ಕಾಳಿನಲ್ಲಿ ನರಗಳಿಗೆ ವಿಷವಾದ ಒಂದು ಪದಾರ್ಥವಿದೆ. ದಿನದ ಊಟದಲ್ಲಿ ಮೂರರಲ್ಲೊಂದು ಪಾಲು, ಅದಕ್ಕೂ ಮಿಕ್ಕಿ, ಇದೇ ಆಗಿ ಎರಡು-ಮೂರು ತಿಂಗಳು ನಡೆಯಿತೆಂದರೆ ಮೀನಖಂಡ ಸೆಡೆತುಕೊಳ್ಳುವದು, ಮೊಣಕಾಲು ಬಿಗಿಯುವದು, ನಡೆಯುವಾಗ ಕಾಲು ಕತ್ತರಿಯಂತೆ ಒಂದಕ್ಕೊಂದು ಅಡ್ಡ ಬರುವದು. ಮೊದಲು ಒಂದು ಕೋಲು, ಆಮೇಲೆ ಎರಡು ಕೋಲು, ಕೊನೆಗೆ ಕೈಯೂರಿ ತೆವಳುವದು. ಬುದ್ಧಿ, ಮಾತು ಎಲ್ಲ ನೆಟ್ಟಗಿರುತ್ತವೆ. ಕಾಲು ಮಾತ್ರ ಹೋಗಿರುತ್ತವೆ. ಹೋದ ಕಾಲು ತಿರುಗಿ ಬರುವದಿಲ್ಲ. ದುಡಿಯುವ ಪ್ರಾಯದ ಗಂಡಸರಿಗೇ ಇದು ಹೆಚ್ಚಾಗಿ ತಾಕುವದೆಂಬುದು ಇನ್ನೂ ದುಃಖದ ಸಂಗತಿ.

ಮಧ್ಯಪ್ರದೇಶದ ಸಾಗರ ಪ್ರಾಂತದಲ್ಲಿ 1830ರ ಸುಮಾರಿಗೆ ಗೋದಿಯ ಬೆಳೆ ಮೇಲಿಂದ ಮೇಲೆ ಕೆಟ್ಟು, ಜನರು ಈ ಕಾಳನ್ನೇ ಉಂಡು ಕಾಲು ಕಳೆದುಕೊಂಡದ್ದನ್ನು ಸ್ಲೀಮನ್ ಎಂಬ ಅಧಿಕಾರಿಯು ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಗ್ರಂಥವು 1844ರಲ್ಲಿ ಪ್ರಕಟವಾಯಿತು. ವಿಷದ ಪದಾರ್ಥ ಇಂಥದೇ ಎಂದು ಬೇರ್ಪಡಿಸಿ ತೋರಿಸಿದವರು ನಮ್ಮ ದೇಶದವರೇ ಆದ ರಾವ್, ಅಡಿಗ, ಶರ್ಮ ಎಂಬ ಮೂವರು ಶಾಸ್ತ್ರಜ್ಞರು, 1964ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1961ರಲ್ಲಿ, ಆಹಾರ ಕಲಬೆರಕೆ ತಡೆಯುವ ನಿಯಮಗಳಡಿಯಲ್ಲಿ ಈ ಬೇಳೆಯ ಮಾರಾಟವನ್ನು ನಿಷೇಧಿಸಿದರು. 2011ರ ಆಹಾರ ಸುರಕ್ಷತೆಯ ನಿಯಮಾವಳಿಯಲ್ಲಿಯೂ ನಿರ್ಬಂಧವನ್ನು ಮುಂದುವರಿಸಿದರು. ವಿಷವು ನೂರಕ್ಕೆ 0.1ರಷ್ಟು ಅಥವಾ ಅದಕ್ಕಿಂತ ಕಡಿಮೆ ಇರುವ ರತನ್, ಪ್ರತೀಕ, ಮಹಾತಿವಡಾ ಎಂಬ ಸುಧಾರಿತ ತಳಿಗಳು ಈಚೆಗೆ ಬಂದಿವೆ. ಆದರೆ ಬಟ್ಟೆಯ ಗಂಟಿನಲ್ಲಿ ಬಂದ ಹೆಸರಿಲ್ಲದ ಕಾಳು ಯಾವ ತಳಿಯದೆಂದು ಕಣ್ಣಿನಿಂದ ನೋಡಿ ಹೇಳಲು ಬಾರದು. ಬಿಸಿನೀರಿನಲ್ಲಿ ನೆನೆಯಿಟ್ಟು ಆ ನೀರನ್ನು ಚೆಲ್ಲಿದರೆ ವಿಷ ಬಹಳಷ್ಟು ಇಳಿಯುವದು ನಿಜ, ಪೂರ್ತಿಯಾಗಿ ಹೋಗದು. ಬರಗಾಲದಲ್ಲಿ, ನೀರಿಗೇ ತತ್ವಾರವಿರುವಾಗ, ನೆನೆಯಿಟ್ಟ ನೀರನ್ನು ಯಾರು ಚೆಲ್ಲಿಯಾರು?

ನಾವು ಬಿತ್ತದಿದ್ದರೂ ಈ ಬೇಳೆ ನಮ್ಮ ಮನೆಗೆ ಬರುವ ದಾರಿಯೊಂದುಂಟು. ತೊಗರಿಬೇಳೆ, ಕಡಲೆಬೇಳೆಗಳ ಧಾರಣೆ ಏರಿದಾಗ ಇದನ್ನು ಅವುಗಳಲ್ಲಿ ಬೆರೆಸುವವರಿದ್ದಾರೆ. ತೊಗರಿಬೇಳೆಯು ದುಂಡಗೆ ಬಟ್ಟಲಿನಂತಿದ್ದರೆ, ಇದರ ಬೇಳೆಯು ಚೌಕಾಕಾರವಾಗಿ ಒಂದು ಮಗ್ಗುಲು ಓರೆಯಾಗಿ ಇಳಿದಿರುವದು. ಸಂಶಯ ಬಂದರೆ ಒಂದು ಮುಷ್ಟಿ ಬೇಳೆಯನ್ನು ತಾಟಿನಲ್ಲಿ ಹರಡಿ ಹೆಣ್ಣುಮಕ್ಕಳಿಗೆ ಕೊಡಿರಿ. ಅಕ್ಕಿ ಆರಿಸುವ ಕಣ್ಣಿಗೆ ಇದು ತಪ್ಪಿಸಿಕೊಳ್ಳಲಾರದು. ಹತ್ತಿರದ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ಬೇಳೆಗೆ ತಿಳಿಯಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಿ, ಪಾತ್ರೆಯನ್ನು ಕುದಿನೀರಿನ ಮೇಲೆ ಹದಿನೈದು ನಿಮಿಷ ಇಟ್ಟರೆ, ಕೇಸರಿ ಬೇಳೆ ಬೆರೆತಿದ್ದಲ್ಲಿ ಗುಲಾಬಿ ಬಣ್ಣ ಏಳುವದು. ಆಮ್ಲ ಹಾಕಿದ ಕ್ಷಣದಲ್ಲಿಯೇ ಗುಲಾಬಿಯಾದರೆ ಅದು ಬೇರೆ ಕಳ್ಳತನ, ಮೆಟಾನಿಲ್ ಎಂಬ ಹಳದಿ ಬಣ್ಣ ಬಳಿದದ್ದು. ಇದನ್ನು ಗುರುಗಳ ಕೈಯಿಂದಲೇ ಮಾಡಿಸಬೇಕು, ಹುಡುಗರು ಮನೆಯಲ್ಲಿ ಮಾಡಬಾರದು.

ಸಟೈವಾ ಎಂಬ ಹೆಸರು ಹೊತ್ತು ಮೋಸ ಮಾಡಿದ ಕಾಳು ಇದೊಂದೇ ಅಲ್ಲ. ವೀಸಿಯಾ ಸಟೈವಾ ಎಂಬುದು ಹಲವು ದೇಶಗಳಲ್ಲಿ ಮೇವಿಗಾಗಿ ಬಿತ್ತುವ ಬಳ್ಳಿ. ಅದರ ಕಾಳನ್ನು ಒಡೆದರೆ ಒಂದು ಜಾತಿಯದು ಥೇಟು ಮಸೂರ ಬೇಳೆಯಂತೆ ಕೆಂಪಗೆ ಕಾಣುವದು. ಆಸ್ಟ್ರೇಲಿಯದಿಂದ ಅದು ಮಸೂರದ ಬದಲಿಗೆ ಹೊರದೇಶಗಳಿಗೆ ಹೋಗುತ್ತಿದೆಯೆಂದು 1992ರಲ್ಲಿ ಆ ದೇಶದ ಸಂಶೋಧಕರೇ ಎಚ್ಚರಿಕೆ ಕೊಟ್ಟರು. ಹಸಿಯ ಕಾಳು ಕೋಳಿಗೆ, ಹಂದಿಗೆ ವಿಷ.

ಗಡಿನಾಡಿನಲ್ಲಿ ನಮಗೆ ಈ ಲ್ಯಾಟಿನ್ ಹೆಸರುಗಳ ಗೋಜು ಏಕೆ ಬೇಕೆಂದು ಕೆಲವರು ಕೇಳಿಯಾರು. ನಮಗೇ ಹೆಚ್ಚು ಬೇಕು. ಒಂದೇ ಅಂಗಡಿಯಲ್ಲಿ ಕನ್ನಡದ ಹೆಸರು, ಮರಾಠಿಯ ಹೆಸರು, ವ್ಯಾಪಾರಿಯ ಹಿಂದಿ ಹೆಸರು ಮೂರೂ ಓಡಾಡುವಲ್ಲಿ ಕಾಳು ಅದಲುಬದಲಾಗಲು ತಡವಿಲ್ಲ. ಜೀರಿಗೆಯನ್ನೇ ನೋಡಿರಿ. ಅಡಿಗೆಯ ಜೀರಿಗೆ ಒಂದು. ಕರಿಜೀರಿಗೆ ಇನ್ನೊಂದು, ಅದು ನೈಜೆಲಾ ಸಟೈವಾ. ಕಾಡುಜೀರಿಗೆ ಮತ್ತೊಂದು, ಅದಕ್ಕೆ ಸಟೈವಾ ಎಂಬ ಗುರುತಿಲ್ಲ, ‘ಆಂಥೆಲ್ಮಿಂಟಿಕಮ್’ ಎಂದಿದೆ, ಅಂದರೆ ಜಂತುಹುಳ ತೆಗೆಯುವ ಮದ್ದು. ನಾವು ಅದನ್ನು ಅಡವಿಯದೆಂದು ‘ಕಾಡು’ ಜೀರಿಗೆ ಎನ್ನುತ್ತೇವೆ. ಮರಾಠಿಗರು ಕಹಿಯಾದ್ದರಿಂದ ‘ಕಡೂ’ ಜಿರೇ ಎನ್ನುತ್ತಾರೆ. ಕಿವಿಗೆ ಎರಡೂ ಒಂದೇ, ಅರ್ಥ ಬೇರೆ, ಪುಣ್ಯಕ್ಕೆ ಗಿಡ ಒಂದೇ. ಎಲ್ಲ ಸಲವೂ ಹೀಗೆ ಪುಣ್ಯ ಒದಗುವದೆಂಬ ಭರವಸೆಯಿಲ್ಲ. ಗುರೆಳ್ಳಿಗೆ ಇಂಗ್ಲಿಷಿನಲ್ಲಿ ‘ನೈಜರ್’ ಎಂದು ಹೆಸರು. ಅದನ್ನೂ ನೈಜೆಲಾವನ್ನೂ ಒಂದೇ ಎಂದು ಬರೆದು ಬೀಜ ತರಿಸಲು ಹೊರಟವರನ್ನು ನಾವು ಕಂಡಿದ್ದೇವೆ.

ನೆರೆಯವರು ತಮ್ಮ ಗಂಟನ್ನು ಬಿತ್ತಲಿಲ್ಲ. ಆ ನಾಲ್ಕು ಸೇರಿನಲ್ಲಿ ಒಂದು ಹಿಡಿಯನ್ನು ನಾವು ಬೇಡಿ ತೆಗೆದುಕೊಂಡು, ಮುಚ್ಚಳ ಗಟ್ಟಿಯಾದ ಸೀಸೆಯಲ್ಲಿ ಹಾಕಿ, ಹೆಸರಿನ ಚೀಟಿ ಅಂಟಿಸಿ ಶಾಲೆಯ ಕಪಾಟಿನಲ್ಲಿಟ್ಟಿದ್ದೇವೆ. ಚೀಟಿ ಬರೆದವನು ಅದೇ ಹುಡುಗ. ಲ್ಯಾಥೈರಸ್ ಸಟೈವಸ್, ಮರಾಠಿ: ಲಾಖ, ಕನ್ನಡ: ಕೇಸರಿ ಬೇಳೆಯ ಕಾಳು, ಅರ್ಥ: ಬಿತ್ತನೆಯದು, ಎಂದಿಷ್ಟು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ‘ತಿನ್ನಬಾರದು’ ಎಂದು ತಾನಾಗಿಯೇ ಸೇರಿಸಿದನು.

ಅಕ್ಕಲಕೋಟ, ಸೊಲ್ಲಾಪುರದ ಕಡೆಯ ವಾಚಕರಲ್ಲಿ ಯಾರಲ್ಲಿಯಾದರೂ ಹೆಸರು ತಿಳಿಯದ ಬೀಜವಿದ್ದರೆ, ಹತ್ತು ಕಾಳನ್ನು ಕಾಗದದಲ್ಲಿ ಮಡಿಚಿ, ನಿಮ್ಮ ಊರಲ್ಲಿ ಅದಕ್ಕೆ ಏನೆನ್ನುವರೆಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು, ಈ ಪುಟದ ಹೆಸರಿಗೆ ಪತ್ರಿಕೆಯ ಕಚೇರಿಗೆ ಕಳಿಸಿಕೊಡಬಹುದು. ಚೀಲದ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದರೆ ಅವುಗಳನ್ನು ಇದ್ದಂತೆಯೇ, ಬಾಲ ಬಿಡದೆ, ನಕಲು ಮಾಡಿರಿ.